ಕಾರಿನ ಬೂಸ್ಟ್ ಹೆಚ್ಚಿಸಿ ನಾವು ಕಲಿತ ಪಾಠ



ಹೋದ ತಿಂಗಳು ಯುವಜನರ ಸಭೆ ಮುಗಿದ ಮೇಲೆ ಒಬ್ಬ ತಮ್ಮ ನಮ್ಮ ಹತ್ತಿರ ಬಂದು ಕೇಳಿದ: "ಅಣ್ಣಾ, ಟರ್ಬೊ ಕಾರಿಗೆ ಎಂಜಿನ್ ಬಿಚ್ಚದಂಗೆ ಎಷ್ಟು ಬೂಸ್ಟ್ ಇಡಬಹುದು? ಸ್ಪೋರ್ಟ್ಸ್ ಕಾರಿನೋರು ಎಷ್ಟೆಷ್ಟೋ ಇಡ್ತಾರಂತಲ್ಲ?" ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನಿಗೆ ಒಂದು ಸಂಖ್ಯೆ ಹೇಳಿ ಕಳಿಸುವುದು ಸುಲಭವಿತ್ತು. ಆದರೆ ಅದೇ ಸಂಖ್ಯೆಯ ಹಿಂದೆ ಹೋಗಿ ನಾವು ಏನು ಮಾಡಿಕೊಂಡೆವು ಎಂಬುದನ್ನು ಹೇಳದೆ ಉತ್ತರ ಕೊಟ್ಟರೆ ಅದು ಅರ್ಧ ಉತ್ತರ. ಹಾಗಾಗಿ ಇವತ್ತು ಪೂರ್ತಿ ಬರೆಯುತ್ತಿದ್ದೇವೆ.

ನಮ್ಮಲ್ಲೊಬ್ಬನ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ಇದೆ. ಹತ್ತಿ ಮಾರಿದ ದುಡ್ಡಿಗೆ ಅಪ್ಪ ಸ್ವಲ್ಪ ಸಾಲ ಸೇರಿಸಿ ಕೊಂಡದ್ದು. ಕೊಂಡದ್ದು ಮೆರೆಯಲಿಕ್ಕಲ್ಲ. ಅಮ್ಮನನ್ನು ಹದಿನೈದು ದಿನಕ್ಕೊಮ್ಮೆ ಆದೋನಿಯಿಂದ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬಸ್ಸಿನಲ್ಲಿ ಕೂತು ಹೋಗುವ ಶಕ್ತಿ ಅವರಿಗಿಲ್ಲ. ಆದರೆ ಕೀಲಿ ನಮ್ಮ ಕೈಗೆ ಬಂದ ದಿನದಿಂದ ನಮ್ಮ ಮಾತೆಲ್ಲ ಅದರ ಟರ್ಬೊ ಮೇಲೆಯೇ.

ಟರ್ಬೊ ಅಂದರೆ ಬಹಳ ಸರಳ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಒತ್ತುತ್ತದೋ ಅದೇ ಬೂಸ್ಟ್. ಒಂದು ಬಾರ್ ಅಂದರೆ 14.5 ಪಿಎಸ್‌ಐ.

ನಮ್ಮ ಕಾರಿನಲ್ಲಿ ಹೆಚ್ಚೆಂದರೆ 0.8 ಬಾರ್ ಬರುತ್ತಿತ್ತು. ನಮಗೆ ಅದು ಸಾಲದಾಯಿತು. ನಮ್ಮ ವಾದ ಹೀಗಿತ್ತು: 1988ರಲ್ಲಿ ಫಾರ್ಮುಲಾ ಒನ್‌ನಲ್ಲಿ ಬೂಸ್ಟಿಗೆ ಮಿತಿ ಹಾಕಿ ಇಳಿಸಿದ ಮೇಲೂ ವಾತಾವರಣದ್ದೂ ಸೇರಿ 2.5 ಬಾರ್ ಇತ್ತು. ಆ ವರ್ಷ ಮೆಕ್ಲಾರೆನ್ ಹೋಂಡಾ 16 ರೇಸ್‌ಗಳಲ್ಲಿ 15 ಗೆದ್ದಿತು. ಅವರು 1.5 ಬಾರ್ ಬೂಸ್ಟ್ ಇಟ್ಟರೆ ನಾವು 1.1 ಇಡಬಾರದೇ? ಆ ಎಂಜಿನ್ ರೇಸಿಗೆಂದೇ ಹುಟ್ಟಿದ್ದು, ಅದರ ಇಂಧನದಲ್ಲಿ ಬಹುಪಾಲು ಟೊಲುವೀನ್ ಇತ್ತು, ರೇಸ್ ಮುಗಿದ ಮೇಲೆ ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಇದ್ಯಾವುದನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜನವರಿಯ ಒಂದು ತಣ್ಣನೆ ಬೆಳಿಗ್ಗೆ, ದೂರದ ಊರಿನಲ್ಲಿ, ಒಬ್ಬರ ಹತ್ತಿರ ಚಿಕ್ಕದೊಂದು ಡಬ್ಬಿ ಹಾಕಿಸಿಕೊಂಡು ಬಂದೆವು. ಆ ಡಬ್ಬಿ ಮಾಡುವ ಕೆಲಸ ಒಂದೇ, ಸುಳ್ಳು ಹೇಳುವುದು. ಒತ್ತಡ 1.1 ಬಾರ್ ಇದ್ದರೂ ಕಾರಿನ ಕಂಪ್ಯೂಟರಿಗೆ 0.8 ಅಂತ ತೋರಿಸುತ್ತದೆ. ಕಂಪ್ಯೂಟರ್ ನಂಬಿ ಸುಮ್ಮನಿರುತ್ತದೆ. ಮನೆಯಲ್ಲಿ ನಾವೂ ಅದನ್ನೇ ಮಾಡಿದೆವು. "ಸರ್ವಿಸ್ ಮಾಡಿಸಿಕೊಂಡು ಬಂದ್ವಿ" ಅಂದೆವು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಗೆದ್ದೆವು ಅಂದುಕೊಂಡೆವು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಮ್ಮನ ಚಿಕಿತ್ಸೆ ಮುಗಿಸಿಕೊಂಡು ಬಳ್ಳಾರಿಯಿಂದ ವಾಪಸ್ ಬರುತ್ತಿದ್ದೆವು. 42 ಡಿಗ್ರಿ ಬಿಸಿಲು, ಕಾರಿನಲ್ಲಿ ನಾಲ್ಕು ಜನ, ಏಸಿ ಪೂರ್ತಿ. ಹಗರಿ ದಾಟಿ ಆಲೂರಿನ ಕಡೆ ಬರುವಾಗ ಮುಂದೆ ಹತ್ತಿ ತುಂಬಿದ ಲಾರಿ. ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತುಳಿದೆವು. ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಕೇಳಿಸಿತು. ರೋಡಿನ ಕಲ್ಲು ಬಡಿಯುತ್ತಿದೆ ಅಂದುಕೊಂಡು ಇನ್ನೂ ತುಳಿದೆವು. ಲಾರಿಯ ಪಕ್ಕಕ್ಕೆ ಬಂದಾಗ ಕಾರಿನ ಶಕ್ತಿ ಸತ್ತುಹೋಯಿತು. ಎದುರಿನಿಂದ ಬಸ್ಸು. ಲಾರಿಯವನು ಬ್ರೇಕ್ ಹಾಕಿ ಜಾಗ ಕೊಡದಿದ್ದರೆ ಇದನ್ನು ಬರೆಯಲು ನಾವು ಇರುತ್ತಿರಲಿಲ್ಲ.

ಪಕ್ಕಕ್ಕೆ ನಿಲ್ಲಿಸಿದಾಗ ಹಿಂದೆ ನೀಲಿ ಹೊಗೆ. ಹತ್ತಿರದಲ್ಲಿ ನೆರಳಿಗೆ ಒಂದು ಜಾಲಿ ಮರ ಮಾತ್ರ. ಅಮ್ಮನನ್ನು ಅದರ ಕೆಳಗೆ ಟವೆಲ್ ಹಾಸಿ ಕೂರಿಸಿದೆವು. ಮುಕ್ಕಾಲು ಗಂಟೆ ಆಟೋಗಾಗಿ ಕಾದೆವು. ಅವರು ಒಂದು ಮಾತೂ ಬೈಯಲಿಲ್ಲ. "ನೀವು ಮೂರೂ ಜನ ನೀರು ಕುಡೀರಪ್ಪಾ" ಅಂದರು. ಆ ಮಾತು ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ.

ಆದೋನಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಚ್ಚಿ, ಒಂದು ಪಿಸ್ಟನ್ ನಮ್ಮ ಕೈಯಲ್ಲಿಟ್ಟರು. ಎರಡು ರಿಂಗುಗಳ ನಡುವಿನ ಅಂಚು ತುಂಡಾಗಿತ್ತು. "ಬಿಎಸ್ಸಿ ಓದೀರಂತಲ್ಲಪ್ಪಾ, ಗಾಳಿ ಒತ್ತಿದ್ರ ಕಾಯ್ತದಂತ ಕಾಲೇಜಿನಾಗ ಹೇಳ್ಲಿಲ್ಲೇನು?" ಅಂದರು. ಹೇಳಿದ್ದರು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆವು.

ಆ ರಾತ್ರಿ ಕೂತು ಅದೇ ಸೂತ್ರ ಹಾಕಿ ಲೆಕ್ಕ ಮಾಡಿದೆವು. ಆದೋನಿ ಸಮುದ್ರಮಟ್ಟದಿಂದ ಸುಮಾರು 435 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾತಾವರಣದ ಒತ್ತಡ ಸುಮಾರು 0.96 ಬಾರ್. ಟರ್ಬೊದ ದಕ್ಷತೆ ನೂರಕ್ಕೆ 70 ಅಂತ ಹಿಡಿಯಿರಿ. ಜನವರಿಯಲ್ಲಿ 20 ಡಿಗ್ರಿಯ ಗಾಳಿಯನ್ನು 0.8 ಬಾರ್ ಬೂಸ್ಟಿಗೆ ಒತ್ತಿದರೆ ಅದು ಹೆಚ್ಚುಕಡಿಮೆ 99 ಡಿಗ್ರಿಗೆ ಕಾಯುತ್ತದೆ. ಮೇ ತಿಂಗಳ 42 ಡಿಗ್ರಿಯ ಗಾಳಿಯಾದರೆ ಸುಮಾರು 127. ಅದೇ ಬಿಸಿಲಲ್ಲಿ 1.1 ಬಾರ್ ಮಾಡಿದರೆ 150 ದಾಟುತ್ತದೆ. ಇಂಟರ್‌ಕೂಲರ್ ಇದನ್ನು ತಣ್ಣಗೆ ಮಾಡಬೇಕು. ಆದರೆ ಅದರ ಮೇಲೆ ಬೀಸುವ ಗಾಳಿಯೇ 42 ಡಿಗ್ರಿ ಇರುವಾಗ ಅದು ತಾನೇ ಎಷ್ಟು ಮಾಡೀತು?

ಇಷ್ಟು ಕಾದ, ಇಷ್ಟು ಒತ್ತಿದ ಮಿಶ್ರಣ ಸ್ಪಾರ್ಕಿನಿಂದ ಹೊತ್ತಿ ನೆಟ್ಟಗೆ ಉರಿಯುವ ಬದಲು ಮೂಲೆಯಲ್ಲಿ ತಾನೇ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಅನ್ನುತ್ತಾರೆ. ನಾವು ಕೇಳಿದ ಗೋಲಿ ಸದ್ದು ಅದೇ. ನಾಕ್ ಸೆನ್ಸರ್ ಅದನ್ನು ಗುರುತಿಸಿ ಸ್ಪಾರ್ಕನ್ನು ತಡ ಮಾಡಿ ಎಂಜಿನ್ ಉಳಿಸಲು ನೋಡುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಟಾಪ್ ಗೇರಿನಲ್ಲಿ ಕಡಿಮೆ ಆರ್‌ಪಿಎಂ ಇದ್ದಾಗ ಪೂರ್ತಿ ತುಳಿಯುವುದು ಇನ್ನೂ ಅಪಾಯ. ಸ್ಪಾರ್ಕಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡರೆ ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು.

ಈಗ ತಮ್ಮನ ಪ್ರಶ್ನೆಗೆ ಉತ್ತರ. ಎಲ್ಲ ಎಂಜಿನ್ನಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಪೆಟ್ರೋಲಿನ ಆಕ್ಟೇನ್, ಇಂಜೆಕ್ಟರಿನ ಸಾಮರ್ಥ್ಯ, ಇಂಟರ್‌ಕೂಲರ್, ಪಿಸ್ಟನ್, ಕ್ಲಚ್ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದೇ ಮಿತಿ. ಸ್ಪೋರ್ಟ್ಸ್ ಕಾರಾದರೂ ಇದೇ ಮಾತು. ಏನೂ ಬದಲಾಯಿಸದ ಎಂಜಿನ್ನಿಗೆ ಸುರಕ್ಷಿತವಾದ ಬೂಸ್ಟ್ ಅಂದರೆ ಕಂಪನಿ ಇಟ್ಟದ್ದೇ. ಕಂಪನಿಯವರು ಬಿಟ್ಟಿರುವ ಅಲ್ಪ ಅಂತರ ನಮ್ಮ ಮೋಜಿಗೆ ಬಿಟ್ಟದ್ದಲ್ಲ. ಆದೋನಿಯ ಬಿಸಿಲಿಗೆ, ನಾಲ್ಕು ಜನರ ಭಾರಕ್ಕೆ, ಒಮ್ಮೊಮ್ಮೆ ಸಿಗುವ ಕೆಟ್ಟ ಪೆಟ್ರೋಲಿಗೆ ಬಿಟ್ಟದ್ದು. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕೂಡಿಸುವವರು ಸಾಮಾನ್ಯವಾಗಿ ಐದಾರು ಪಿಎಸ್‌ಐ ಒಳಗೇ ನಿಲ್ಲಿಸುತ್ತಾರೆ, ಅದೂ ಇಂಧನ ಮತ್ತು ಸ್ಪಾರ್ಕಿನ ಲೆಕ್ಕ ಹೊಸದಾಗಿ ಹೊಂದಿಸಿ.

ನಮ್ಮ ಕಣ್ಣೆದುರಿನ ಉದಾಹರಣೆ ನೋಡಿ. ಹಳೆಯ ಡೀಸೆಲ್ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ 75 ಅಶ್ವಶಕ್ತಿಯದು. ಎರ್ಟಿಗಾದಲ್ಲಿ ಅದೇ 1.3 ಲೀಟರ್ ಎಂಜಿನ್ನಿಗೆ 90 ಇತ್ತು. ಆ 15 ಹೆಚ್ಚಿಸಲು ಕಂಪನಿಯವರು ಬೇರೆ ಬಗೆಯ ಟರ್ಬೊವನ್ನೇ ಹಾಕಬೇಕಾಯಿತು. ನಾವು ಒಂದು ಡಬ್ಬಿಯಲ್ಲಿ ಮುಗಿಸಲು ಹೋಗಿದ್ದೆವು.

ಕಾರು ಇರುವವರು ಇಷ್ಟು ಮಾಡಿ. ಮೊಬೈಲ್ ಆಪ್‌ನಲ್ಲಿ ಬೂಸ್ಟ್ ನೋಡುವಾಗ ಅದು ವಾತಾವರಣದ ಒತ್ತಡ ಸೇರಿಸಿ ತೋರಿಸುತ್ತಿದೆಯೇ ಅಂತ ಮೊದಲು ತಿಳಿದುಕೊಳ್ಳಿ. 176 ಕಿಲೋಪ್ಯಾಸ್ಕಲ್ ಅಂತ ಕಂಡರೆ ಅದರಲ್ಲಿ 96 ಕಳೆಯಬೇಕು, ಬೂಸ್ಟ್ 0.8 ಬಾರ್ ಮಾತ್ರ. ಓವರ್‌ಟೇಕ್ ಮಾಡುವ ಮೊದಲು ಗೇರ್ ಇಳಿಸಿ. ಆಯಿಲ್ ಕಂಪನಿ ಹೇಳಿದ ದರ್ಜೆಯದ್ದೇ ಹಾಕಿ, ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಟರ್ಬೊ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದನ್ನು ಕಾಯುವುದು ಆಯಿಲ್ ಒಂದೇ. ಹೈವೇ ಓಟದ ನಂತರ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಗೋಲಿ ಸದ್ದು ಕೇಳಿದರೆ ತಕ್ಷಣ ಕಾಲು ತೆಗೆಯಿರಿ.

ಅಪ್ಪನ ಎದುರು ಮೂವರೂ ನಿಂತು ನಿಜ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾರು ರಿಪೇರಿ ಆಗ್ತದ. ಆಕೀಗೆ ಏನರ ಆಗಿದ್ರ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ರಿಪೇರಿಯ ದುಡ್ಡನ್ನು ಮೂವರೂ ಟ್ಯೂಷನ್ ಹೇಳಿ ಹನ್ನೊಂದು ತಿಂಗಳಲ್ಲಿ ತೀರಿಸಿದೆವು. ಆ ತಿಂಗಳುಗಳಲ್ಲಿ ಅಮ್ಮ ಬಸ್ಸಿನಲ್ಲಿ ಹೋದ ಪ್ರಯಾಣಗಳನ್ನು ಮಾತ್ರ ತೀರಿಸಲು ಆಗಲಿಲ್ಲ.

ಈಗ ಕಾರು 0.8ರಲ್ಲೇ ಓಡುತ್ತಿದೆ. ಅಮ್ಮ ಮುಂದಿನ ಸೀಟಿನಲ್ಲೇ ಕೂರುತ್ತಾರೆ. ಮುಂದೆ ಲಾರಿ ಕಂಡ ಕೂಡಲೇ "ಅವಸರ ಇಲ್ಲಪ್ಪಾ" ಅನ್ನುತ್ತಾರೆ. ಡಬ್ಬಿ ನಮ್ಮ ಹತ್ತಿರವೇ ಇದೆ. ಹಾಕಿಸಿಕೊಳ್ಳುವ ಆಸೆ ಯಾರಿಗಾದರೂ ಇದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಮ್ಮನ್ನು ನೋಡಿ. ಡಬ್ಬಿಯ ಜೊತೆ ಆ ಮುರಿದ ಪಿಸ್ಟನ್ನನ್ನೂ ತೋರಿಸುತ್ತೇವೆ.