ಅಂಗಾಲು ತೋರಿದ ದಿನ

ಮಠದಲ್ಲಿ ಓದಿದ ಕಾಲದಿಂದಲೂ ಬರಿಗಾಲ ನಡಿಗೆ ನಮಗೆ ರೂಢಿ. ಮಧುಮೇಹ ಬಂದು ಹದಿನೈದು ವರ್ಷಗಳಾದರೂ ಅದನ್ನು ಬಿಟ್ಟಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅಂಗಾಲಿಗೆ ಜಾಲಿಮುಳ್ಳು ನಟ್ಟುದು ನಮಗೆ ಅರಿವಾಗಲೇ ಇಲ್ಲ. ನೆಲದ ಮೇಲಿನ ಕೀವಿನ ಕಲೆ ಕಂಡವಳು ಸೊಸೆ. ಕಿರಿಯರು ನಮಸ್ಕರಿಸುವ ಪಾದವನ್ನು ಅವಳ ಕೈಗೆ ಕೊಡಲು ಸಂಕೋಚಪಟ್ಟೆವು. ಅವಳು ಬಿಡದೆ ವೈದ್ಯರಲ್ಲಿಗೆ ಕರೆದೊಯ್ದಳು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅವರು ಅಂಗಾಲಿಗೆ ಒತ್ತಿದರೂ ನಮಗೆ ತಿಳಿಯಲಿಲ್ಲ. “ನೋವಿಲ್ಲದಿರುವುದೇ ಅಪಾಯ” ಎಂದರು. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು.

ಈಗ ಪ್ರತಿರಾತ್ರಿ ಸೊಸೆ ಅಂಗಾಲು, ಬೆರಳ ಸಂದುಗಳನ್ನು ನೋಡುತ್ತಾಳೆ. ಮನೆಯೊಳಗೂ ನಾವು ಪಾದರಕ್ಷೆ ಬಿಡೆವು. ಹಿರಿಯರೇ, ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ಪಾದ ತೋರಿಸಿರಿ. ಮನೆಯವರಿಗೆ ತೋರಿಸಲು ನಾಚದಿರಿ.