ನಾಲ್ಕು ಹನಿಗಳ ಲೆಕ್ಕ

ಚಿನ್ನಬೆಳ್ಳಿಯ ವ್ಯವಹಾರವನ್ನು ಬಲ್ಲ ಮನೆತನಗಳಿಗೆ ಒರೆಗಲ್ಲನ್ನು ಪರಿಚಯಿಸಬೇಕಾದುದಿಲ್ಲ. ರಸಾಯನಶಾಸ್ತ್ರದ ಅನುಮಾಪನವೂ ಅದೇ ಕುಲಕ್ಕೆ ಸೇರಿದುದು. ‘ಟೈಟ್ರೇಷನ್’ ಎಂಬ ಹೆಸರು ಬಂದಿರುವುದೇ ಲೋಹದ ಪರಿಶುದ್ಧತೆಯನ್ನು ಸೂಚಿಸುವ ಒಂದು ಫ್ರೆಂಚ್ ಪದದಿಂದ. 1832ರಲ್ಲಿ ಗೇ-ಲುಸಾಕ್ ಎಂಬ ಫ್ರೆಂಚ್ ವಿಜ್ಞಾನಿ, ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ, ಅದಕ್ಕೆ ಉಪ್ಪುನೀರನ್ನು ಅಳೆದಳೆದು ಸೇರಿಸುತ್ತ, ಬಿಳಿಯ ಗಸಿ ಬೀಳುವುದು ಎಲ್ಲಿ ನಿಲ್ಲುವುದೆಂದು ಗುರುತಿಸಿ ಬೆಳ್ಳಿಯ ಪ್ರಮಾಣವನ್ನು ಹೇಳುವ ಕ್ರಮವನ್ನು ಪ್ರಕಟಿಸಿದನು. ತತ್ತ್ವ ಇಷ್ಟೇ: ತಿಳಿದುದರಿಂದ ತಿಳಿಯದುದನ್ನು ಅಳೆಯುವುದು.

ಕಾಲೇಜಿನಲ್ಲಿ ಈ ವಿಷಯವನ್ನು ಬಹುಕಾಲ ಕಲಿಸಿದವನು ನಾನು. 50 ಮಿ.ಲೀ. ಬ್ಯುರೆಟ್ಟಿನಲ್ಲಿ 0.1 ಮಿ.ಲೀ. ಅಂತರಕ್ಕೊಂದು ಗೆರೆಯಿರುತ್ತದೆ, ಒಂದು ಹನಿ ಸುಮಾರು 0.05 ಮಿ.ಲೀ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಬಿಲ್ಲಿನಂತೆ ಬಾಗಿದ ಮೇಲ್ಮೈಯ ತಳವನ್ನು ನೋಡಿ ಬರೆದುಕೊಳ್ಳಬೇಕು. ಒಂದಕ್ಕೊಂದು ಹೊಂದುವ ಅಳತೆಗಳು ದೊರೆಯುವವರೆಗೆ ಪ್ರಯೋಗವನ್ನು ಪುನಃ ಮಾಡಬೇಕೆಂಬುದು ನಿಯಮ. ಮೊದಲನೆಯ ಅಳತೆಯನ್ನೇ ಮೂರು ಸಾಲುಗಳಲ್ಲಿ ನಕಲು ಮಾಡಿ ಕೈತೊಳೆದುಕೊಳ್ಳುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಿದ್ದರು. (ಇನ್ನೂ ಜಾಣರಾದವರು, ಸಂಶಯ ಬಾರದಿರಲೆಂದು, ನಡುವಿನ ಸಾಲನ್ನು ಒಂದು ಗೆರೆಯಷ್ಟು ಬದಲಿಸುತ್ತಿದ್ದರು!)

ಆದರೆ ನಿಜವಾಗಿಯೂ ಹೊಂದಿಕೊಂಡ ಅಳತೆಗಳು ಸಹ ಸತ್ಯವೆಂದು ಹೇಳಲಾಗದು. ಬಳಸಿದ ದ್ರಾವಣದ ಬಲವೇ ತಪ್ಪಾಗಿದ್ದರೆ ಮೂರು ಅಳತೆಗಳೂ ಒಂದೇ ದನಿಯಲ್ಲಿ ಸುಳ್ಳು ಹೇಳುತ್ತವೆ. ಹೊಂದಿಕೆ ಬೇರೆ, ಯಾಥಾರ್ಥ್ಯ ಬೇರೆ. ಇದರ ಬೆಲೆ ನನಗೆ ಪೂರ್ಣವಾಗಿ ಮನವರಿಕೆಯಾದುದು 2014ರಲ್ಲಿ.

ಒಂದು ವಿದ್ಯಾರ್ಥಿನಿಲಯಕ್ಕೆ ದಾನಿಗಳ ಹಣದಿಂದ ಹೊಸ ಕೊಳವೆಬಾವಿ ಕೊರೆಸಿದ್ದರು. ನೀರಿನ ಗಡಸುತನವನ್ನು ಪರೀಕ್ಷಿಸಿ ಕೊಡಬೇಕೆಂದು ಧರ್ಮದರ್ಶಿಗಳು ಕೇಳಿದರು. ವರದಿಯನ್ನು ವಾರ್ಷಿಕ ಸಭೆಯಲ್ಲಿ ದಾನಿಗಳ ಸಮ್ಮುಖದಲ್ಲಿ ಓದಬೇಕಾಗಿತ್ತು. 20 ಮಿ.ಲೀ. ನೀರಿಗೆ ಅಮೋನಿಯಾದ ಮಿಶ್ರಣವನ್ನೂ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನೂ ಬೆರೆಸಿ, 0.01 ಮೋಲಾರ್ ಇ.ಡಿ.ಟಿ.ಎ. ದ್ರಾವಣವನ್ನು ಬಿಡುತ್ತ ಹೋದೆ. ಕಡುಗೆಂಪು ಬಣ್ಣವು ನೀಲಿಗೆ ತಿರುಗುವ ಹನಿಯಲ್ಲಿ ನಿಲ್ಲಿಸಬೇಕು; ನೀಲಿಯಾದ ಮೇಲೆ ಎಷ್ಟು ಸುರಿದರೂ ಅದು ನೀಲಿಯೇ, ಮಿತಿ ಮೀರಿದೆವೆಂದು ಅದು ತಾನಾಗಿ ಹೇಳುವುದಿಲ್ಲ. ಮೂರು ಸಲವೂ 12.2 ಬಂದಿತು. ಅದನ್ನು 50ರಿಂದ ಗುಣಿಸಿದರೆ ಲೀಟರಿಗೆ 610 ಮಿಲಿಗ್ರಾಂ.

ಭಾರತೀಯ ಮಾನಕ ಐ.ಎಸ್. 10500, ಬೇರೆ ನೀರಿನ ಮೂಲವಿಲ್ಲದಿದ್ದಾಗ, 600ರವರೆಗೆ ಸಹಿಸುತ್ತದೆ. ಅಪೇಕ್ಷಣೀಯವೆಂದು 1991ರಲ್ಲಿ ಹೇಳಿದ್ದ 300ನ್ನು ಅದು 2012ರ ಪರಿಷ್ಕರಣದಲ್ಲಿ 200ಕ್ಕೆ ಇಳಿಸಿದೆ.

“ಮೇಷ್ಟ್ರೇ, 12.2ರ ಬದಲು 12 ಎಂದರೆ ಏನಾಗುತ್ತದೆ? ಎಷ್ಟು ಹನಿ ವ್ಯತ್ಯಾಸ?” ಎಂದು ಅವರು ವಿನಯದಿಂದಲೇ ಕೇಳಿದರು.

“ನಾಲ್ಕು ಹನಿ” ಎಂದೆ.

ಅವರನ್ನು ದುಷ್ಟರೆನ್ನಲಾರೆ. ಗಡಸು ನೀರು ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಆರೋಗ್ಯದ ಕಾರಣದಿಂದ ಗಡಸುತನಕ್ಕೆ ಮಿತಿಯನ್ನು ವಿಧಿಸಿಲ್ಲ. ಬೇಳೆ ಬೇಯುವುದು ತಡವಾದೀತು, ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟೀತು, ಸಾಬೂನು ಹೆಚ್ಚು ಖರ್ಚಾದೀತು. ಹಾನಿ ಅಲ್ಪವೆಂಬುದರಿಂದಲೇ ಪ್ರಲೋಭನೆ ಬಲವಾಗಿತ್ತು. ತತ್ತ್ವಾರ್ಥಸೂತ್ರವು ಅಳತೆ-ತೂಕಗಳ ಹೆಚ್ಚುಕಡಿಮೆಯನ್ನು ಅಚೌರ್ಯವ್ರತದ ಅತಿಚಾರಗಳಲ್ಲಿಯೂ, ಕೂಟಲೇಖವನ್ನು ಸತ್ಯವ್ರತದ ಅತಿಚಾರಗಳಲ್ಲಿಯೂ ಎಣಿಸಿರುವುದನ್ನು ವಾಚಕರು ಬಲ್ಲರು. ಆ ನಾಲ್ಕು ಹನಿಗಳು ಒಮ್ಮೆಗೇ ಎರಡಕ್ಕೂ ಸಲ್ಲುತ್ತಿದ್ದವು.

ಆದರೂ ಅವರ ಪ್ರಶ್ನೆಯಲ್ಲಿ ನ್ಯಾಯವಾದ ಒಂದಂಶವಿತ್ತು. ನನ್ನ ಇ.ಡಿ.ಟಿ.ಎ. ಸರಿಯೇ? ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಪ್ರಮಾಣಿತ ದ್ರಾವಣದ 20 ಮಿ.ಲೀ.ಯನ್ನು ಅವರ ಎದುರಿಗೇ ಅನುಮಾಪನ ಮಾಡಿದೆ. 20.4 ಬಂದಿದ್ದರೆ, ನಮ್ಮ 610 ವಾಸ್ತವದಲ್ಲಿ 598 ಆಗುತ್ತಿತ್ತು. ಅವರ ಇಷ್ಟವೂ ಧರ್ಮವಾಗಿಯೇ ನೆರವೇರುತ್ತಿತ್ತು. ಬಂದುದು 20.0. ಒಂದು ಹನಿಯ ಸಂಶಯವನ್ನು, ಅಂದರೆ ಎರಡೂವರೆ ಮಿಲಿಗ್ರಾಮನ್ನು, ಅವರ ಕಡೆಗೇ ಬಿಟ್ಟುಕೊಟ್ಟರೂ 600ಕ್ಕೆ ಇಳಿಯಲಿಲ್ಲ.

610 ಎಂದೇ ಬರೆದು, ಜೊತೆಗೆ ಈ ಪ್ರಮಾಣೀಕರಣದ ವಿವರವನ್ನೂ ಲಗತ್ತಿಸಿದೆ. ಸಭೆಯಲ್ಲಿ ಅದನ್ನು ಓದಿದರು. ಕೊಂಚ ಗುಜುಗುಜು ಆಯಿತಂತೆ. ಆ ಧರ್ಮದರ್ಶಿಗಳು ಕೆಲವು ತಿಂಗಳು ನನ್ನೊಡನೆ ಮಾತು ಕಡಿಮೆ ಮಾಡಿದ್ದುಂಟು. ಛಾವಣಿಯ ಮಳೆನೀರನ್ನು ಸೋಸಿ ಅಡುಗೆಯ ತೊಟ್ಟಿಗೆ ಬೆರೆಸುವ ಏರ್ಪಾಡಿಗೆ ಹಣ ಕೊಟ್ಟವರು ಆ ಸಭೆಯಲ್ಲಿದ್ದ ದಾನಿಗಳೊಬ್ಬರೇ. 2016ರ ಮಳೆಗಾಲದ ಕೊನೆಯಲ್ಲಿ ಆ ತೊಟ್ಟಿಯ ನೀರಿಗೆ ಬ್ಯುರೆಟ್ಟು 5.8 ತೋರಿಸಿತು. ಎಂದರೆ 290, 200ಕ್ಕೆ ಇನ್ನೂ ದೂರವೇ.