ಕೌಲೇಯಕ

ನಾಯಿಯನ್ನು ಹೇಳುವ ಸಂಸ್ಕೃತಶಬ್ದಗಳಲ್ಲಿ ‘ಕೌಲೇಯಕ’ವೆಂಬುದೂ ಒಂದು. ಕುಲಶಬ್ದದಿಂದ ಹುಟ್ಟುವ ಈ ರೂಪವು ನಾಯಿಯೆಂಬ ಅರ್ಥದಲ್ಲಿ ಸಾಧುವೆಂದು ಪಾಣಿನಿಯ ಸೂತ್ರವಿದೆ. ಅಮರಸಿಂಹನೂ ಇದನ್ನು ಶ್ವಾನಪರ್ಯಾಯಗಳಲ್ಲಿ ಎಣಿಸಿದ್ದಾನೆ. ನಾಯಿಗೂ ಕುಲವುಂಟೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಆ ಕುಲವನ್ನು ಕೆಡದಂತೆ ನಡೆಯಿಸಿಕೊಂಡು ಹೋಗುವುದು ಎಷ್ಟು ಕಷ್ಟವೆಂಬುದು ಪ್ರದರ್ಶನಕ್ಕಾಗಿ ನಾಯಿಗಳ ತಳಿಯೆತ್ತಲು ಹೊರಟವನಿಗೇ ತಿಳಿಯತಕ್ಕದ್ದು.

ನಮ್ಮ ನಾಡಿನ ಮುಧೋಳದ ಬೇಟೆನಾಯಿಯನ್ನೇ ನೋಡಬಹುದು. ನೀಳವಾದ ಮೋರೆ, ಆಳವಾದ ಎದೆ, ಒಳಸರಿದ ಹೊಟ್ಟೆ. ಮೂಗಿಗಿಂತಲೂ ಕಣ್ಣನ್ನು ನಂಬಿ ಮೊಲವನ್ನು ಬೆನ್ನಟ್ಟುವ ಜಾತಿ. ಮುಧೋಳದ ಅರಸರಾಗಿದ್ದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಆದರದಿಂದ ಪೋಷಿಸಿದರೆಂಬುದು ಪ್ರಸಿದ್ಧ. 2005ರಲ್ಲಿ ಅಂಚೆಚೀಟಿಯ ಮೇಲೂ ಇದರ ಚಿತ್ರ ಬಂದಿತು. ಕೀರ್ತಿಯಿದ್ದಲ್ಲಿಗೆ ಕೊಳ್ಳುವವರು ಬರುತ್ತಾರೆ; ಕೊಳ್ಳುವವರಿದ್ದಲ್ಲಿ ಆತುರದಿಂದ ಮರಿ ಹಾಕಿಸುವವರೂ ಹುಟ್ಟುತ್ತಾರೆ.

ಹೊಸಬನು ಮೊದಲು ಹುಡುಕುವುದು ಪದಕ ಗೆದ್ದ ಗಂಡುನಾಯಿಯನ್ನು. ಅನುಭವಿಗಳಾದರೋ ಹೆಣ್ಣುನಾಯಿಯನ್ನು ಮೊದಲು ನೋಡೆನ್ನುತ್ತಾರೆ. ಅಲ್ಲಿಯೇ ತೊಡಕು. ಹಳ್ಳಿಗಳಲ್ಲಿ ಹುಟ್ಟಿದ ಅನೇಕ ಉತ್ತಮ ನಾಯಿಗಳಿಗೆ ಬರೆದಿಟ್ಟ ವಂಶಾವಳಿಯಿಲ್ಲ. ವಂಶ ತಿಳಿಯದಿದ್ದರೆ ಸಂಬಂಧವನ್ನು ಹೇಗೆ ಗೊತ್ತುಮಾಡುವುದು? ಮನುಷ್ಯರಲ್ಲಿ ಸಪಿಂಡವಿವಾಹವನ್ನು ಧರ್ಮಶಾಸ್ತ್ರವು ನಿಷೇಧಿಸಿದೆ. ನಾಯಿಗಳಲ್ಲಿ ರೂಪವನ್ನು ಸ್ಥಿರಗೊಳಿಸಬೇಕೆಂದು ಹತ್ತಿರದ ರಕ್ತವನ್ನೇ ಮತ್ತೆ ಮತ್ತೆ ಕೂಡಿಸುವವರುಂಟು. ಎರಡು ಕಡೆಯಲ್ಲಿಯೂ ಅಡಗಿದ್ದ ದೋಷವು ಆಗ ಮರಿಯಲ್ಲಿ ಒಂದುಗೂಡಿ ಹೊರಬೀಳುತ್ತದೆ. ಚೆಲುವಿನೊಡನೆ ರೋಗವೂ ವಂಶದಲ್ಲಿ ನೆಲೆಗೊಳ್ಳುತ್ತದೆ.

2017ರಲ್ಲಿ ಕೇಂದ್ರಸರಕಾರವು ಹೊರಡಿಸಿದ ನಿಯಮಗಳ ಮೇರೆಗೆ ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯಕೂಡದು; ಅದರ ಜೀವಮಾನದಲ್ಲಿ ಐದು ಸೂಲು ಮೀರಕೂಡದು; ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಆದರೆ ನಿಯಮವು ರಾತ್ರಿ ಎದ್ದು ಕುಳಿತಿರಲಾರದು. ಗರ್ಭವು ಸುಮಾರು 63 ದಿವಸ. ಅದು ತುಂಬುವ ಹೊತ್ತಿಗೆ ಗೃಹಸ್ಥನ ನಿದ್ರೆ ಹೋಗುತ್ತದೆ. ಮರಿ ಅಡ್ಡಬಿದ್ದರೆ ಅಪರಾತ್ರಿಯಲ್ಲಿ ಪಶುವೈದ್ಯನನ್ನು ಕರೆತರಬೇಕು. ಹುಟ್ಟಿದ ಮರಿಗೆ ಮೊದಲ ದಿನಗಳಲ್ಲಿ ಮೈ ಬೆಚ್ಚಗಿರಿಸಿಕೊಳ್ಳುವ ಶಕ್ತಿಯಿರುವುದಿಲ್ಲ; ತಾಯ ಮಗ್ಗುಲಿನಿಂದ ಸರಿದರೆ ತಣ್ಣಗಾಗಿ ಸಾಯುತ್ತದೆ. ಲಾಭವನ್ನು ಲೆಕ್ಕಹಾಕಿ ಬಂದವನು ಇಲ್ಲಿಯೇ ಸೋಲುತ್ತಾನೆ.

ಇಷ್ಟೆಲ್ಲ ದಾಟಿ ಪ್ರದರ್ಶನದ ಅಂಗಳಕ್ಕೆ ಬಂದರೆ ಅಲ್ಲಿಯ ಪರೀಕ್ಷೆ ಬೇರೆ. ಪರೀಕ್ಷಕನು ಪ್ರತಿಯೊಂದು ನಾಯಿಯನ್ನೂ ಆ ಜಾತಿಗೆ ಬರೆದಿಟ್ಟ ಲಕ್ಷಣಕ್ಕೆ ಹೋಲಿಸುತ್ತಾನೆ. ಹಲ್ಲು ನೋಡುತ್ತಾನೆ, ನಡೆಯಿಸಿ ನೋಡುತ್ತಾನೆ. ಅಷ್ಟು ಹೊತ್ತಿನಲ್ಲಿ ಓಟದ ದಮ್ಮಾಗಲಿ ಬೇಟೆಯ ಚುರುಕಾಗಲಿ ಕಾಣುವುದು ಹೇಗೆ? ನಿಂತ ನಿಲುವಿಗಾಗಿಯೇ ತಳಿಯೆತ್ತುತ್ತ ಹೋದರೆ, ಯಾವ ಕೆಲಸಕ್ಕಾಗಿ ಆ ರೂಪ ಬಂದಿತೋ ಆ ಕೆಲಸವೇ ಮರೆತುಹೋದೀತು.

ಒಂದು ಸೂಲಿನ ಮರಿಗಳೆಲ್ಲವೂ ಪದಕಕ್ಕೆ ಯೋಗ್ಯವಾಗುವುದಿಲ್ಲ. ಒಂದರ ಹಲ್ಲು ಕೂಡದು, ಇನ್ನೊಂದರ ಬಾಲ ಸೊಟ್ಟಗಾದೀತು, ಮತ್ತೊಂದು ಜನರನ್ನು ಕಂಡರೆ ಅಂಜೀತು. ಅವು ಯಾವ ಮನೆಗೆ ಹೋಗುತ್ತವೆ, ಅಲ್ಲಿ ಸಾಗದಿದ್ದರೆ ಹಿಂದಕ್ಕೆ ಕರೆದುಕೊಳ್ಳುವವರಾರು ಎಂಬುದನ್ನು ಮೊದಲೇ ನಿಶ್ಚಯಿಸದವನು ಈ ಕಾರ್ಯಕ್ಕೆ ಕೈಯಿಡಬಾರದು. ಗೆದ್ದ ನಾಯಿಯ ಪದಕವನ್ನು ಗೋಡೆಗೆ ತೂಗಹಾಕುವುದು ಸುಲಭ. ಗೆಲ್ಲದ ನಾಯಿಗೆ ಮುಪ್ಪಿನವರೆಗೂ ಅನ್ನ ಹಾಕುವವನೇ ಕುಲಪಾಲಕ.